ನನ್ನ ಸೊಂಟದ ಹಾವಿಗೆ ತಲೆ ಯಾವ ಕಡೆ?

ಮೂವರು ಸಂಭಾವಿತರು ನನ್ನ ಅಂಗಿ ಎತ್ತಿಸಿ ಸೊಂಟಕ್ಕೆ ದಾರ ಹಿಡಿದರು. ಯಾಕಿರಬಹುದು, ಊಹಿಸಿ ನೋಡೋಣ. ಅಂಗಿ ಹೊಲಿಯೋದಕ್ಕಂತೂ ಅಲ್ಲ. ನಮ್ಮ ಹಾವೇರಿಯಲ್ಲಿ ಕಾಯಿಲೆ ಒಬ್ಬನಿಗೆ ಬಂದರೆ ವೈದ್ಯಕೀಯ ಇಡೀ ಓಣಿಗೆ ಬರುತ್ತದೆ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ನನಗೆ ಸಂಧಿವಾತ. ನಿವೃತ್ತನಾದ ವರ್ಷ ಅಂಗಿಯ ಗುಂಡಿಯನ್ನೂ ಹೆಂಡತಿಯೇ ಹಾಕಬೇಕಿತ್ತು. ರಾಣೆಬೆನ್ನೂರಿನ ಡಾಕ್ಟರು ಬಯಾಲಾಜಿಕ್ ಎಂಬ ಇಂಜೆಕ್ಷನ್ ಶುರು ಮಾಡಿದರು. ಮೈಯ ಕಾವಲುಗಾರರು ಮನೆಯವರನ್ನೇ ಬಡಿಯತೊಡಗಿದಾಗ ಅವರ ಕೈ ಕಟ್ಟುವ ಔಷಧ ಅದು. ಬೆರಳು ಸಡಿಲಾದವು, ಗುಂಡಿ ನಾನೇ ಹಾಕಿದೆ. ಕಾವಲು ಕಡಿಮೆಯಾದರೆ ಚರ್ಮದ ಮೇಲೆ ಏನಾದರೂ ಎದ್ದೀತು, ಎದ್ದರೆ ನನ್ನ ಹತ್ತಿರ ಬರ್ರಿ ಎಂದಿದ್ದರು ಡಾಕ್ಟರು. ಎದ್ದಿತು. ಆದರೆ ಮೊದಲು ಬಂದವರು ಬೇರೆಯವರು.

ಬದನೆಕಾಯಿ

ಚುಚ್ಚಿದ ಜಾಗದಲ್ಲಿ ಹೊಟ್ಟೆ ಕೆಂಪಾಗಿ ತುರಿಸಿತು. ತಾನಾಗಿ ಹೋಗುವಂಥದ್ದು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಬಂದು, ಬದನೆಕಾಯಿ ನಂಜು, ಇನ್ನು ಮುಟ್ಟಕೂಡದು ಎಂದು ತೀರ್ಪು ಕೊಟ್ಟರು. ಒಲೆಯ ಮೇಲೆ ಎಣ್ಣೆಗಾಯಿ ಇತ್ತು. "ಮನ್ಯಾಗ ಇದ್ರ ನಿಮ್ಮ ಮನಸ್ಸು ತಡಿಯೂದಿಲ್ರಿ" ಎಂದು ಪಾತ್ರೆ ಸಮೇತ ಒಯ್ದರು. ಪಾತ್ರೆ ಇನ್ನೂ ಬಂದಿಲ್ಲ.

ಮೆಣಸಿನಕಾಯಿ

ಮುಂದೆ ಅಂಗೈ ಕೆಂಪೇರಿ ಹೊಟ್ಟು ಉದುರತೊಡಗಿತು, ಉರಿ ಬೇರೆ. ಇದೂ ಇಂಜೆಕ್ಷನ್‌ದೇ ಕಿತಾಪತಿ ಎಂದು ಡಾಕ್ಟರು ಮುಲಾಮು ಕೊಟ್ಟರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ನಮ್ಮ ಬೀಗರು ಒಪ್ಪಲಿಲ್ಲ. ಅಂಗೈಯನ್ನು ಬೆಳಕಿಗೆ ಹಿಡಿದು, ಮಾಲು ನೋಡುವ ಹಾಗೆ ತಿರುವಿ ಹೇಳಿದರು: "ಬಣ್ಣ ನಮ್ಮ ಬ್ಯಾಡಗೀದ ಇರಬಹುದ್ರಿ. ಉರಿ ಮಾತ್ರ ಗುಂಟೂರಿಂದು."

ಹಾವು

ಕೊನೆಗೆ ಸೊಂಟದ ಬಲಮಗ್ಗುಲಲ್ಲಿ ಗುಳ್ಳೆಗಳ ಸಾಲು. ಸರ್ಪಸುತ್ತು. ಡಾಕ್ಟರು ಗುಳಿಗೆ ಬರೆದು, ಒಣಗುವ ತನಕ ಇಂಜೆಕ್ಷನ್ ಬೇಡ, ಆಮೇಲೆ ಮತ್ತೆ ಶುರು ಎಂದರು. ಮಾಸ್ತರರು, ಬೀಗರು, ಮೋಟೆಬೆನ್ನೂರಿನಿಂದ ಬಂದ ಹೆಂಡತಿಯ ತಮ್ಮ ಸೇರಿ, ಕಾಯಂ ಬಿಡಿಸು ಎಂದು ಅವಳ ತಲೆ ತಿಂದರು. ಅವಳು ಹೆದರಿ, ಫ್ರಿಜ್ಜಿನಲ್ಲಿದ್ದ ಇಂಜೆಕ್ಷನ್ ಡಬ್ಬಿ ಹೊರಗೆ ತೆಗೆದು, ಎಸೆಯಲೆಂದು ಕೈಯಲ್ಲಿ ಹಿಡಿದು ನಿಂತಳು. ನನ್ನ ಗುಂಡಿಗಳ ಭವಿಷ್ಯ ಆ ಡಬ್ಬಿಯಲ್ಲಿತ್ತು.

ಹಾವಿನ ತಲೆ, ಬಾಲ ಕೂಡಿದರೆ ಮನುಷ್ಯ ಉಳಿಯೋದಿಲ್ಲವಂತೆ. ಎಷ್ಟು ಅಂತರ ಉಳಿದಿದೆ ನೋಡಲು ದಾರ ಹಿಡಿದರು. ಅಳೆಯೋದು ಎಲ್ಲಿಂದ? ತಲೆ ಹೊಕ್ಕಳ ಕಡೆ ಎಂದರು ಮಾಸ್ತರರು. ಬೆನ್ನ ಕಡೆ ಎಂದರು ಬೀಗರು. ಇಬ್ಬರೂ ದಾರ ಜಗ್ಗಾಡುತ್ತಿರುವಾಗ ಹೆಂಡತಿಯ ತಮ್ಮ, "ಮಾಮಾ, ಅಲುಗಾಡಬ್ಯಾಡ್ರಿ" ಎಂದವನೇ, ಚಹಾಕ್ಕೆ ಇಟ್ಟಿದ್ದ ಹಾಲನ್ನು ತಂದು, ಯಾವುದಕ್ಕೂ ಇರಲಿ ಎಂದು ಎರಡೂ ತುದಿಗೆ ಸುರಿದು ಕೈಮುಗಿದ.

ಹೆಂಡತಿ ನನ್ನ ಧೋತರದಿಂದ ಸೋರುವ ಹಾಲು ನೋಡಿದಳು, ಆ ಮೂವರನ್ನೂ ನೋಡಿದಳು. "ಇವರ ಮಾತು ಕೇಳಿ ಇದನ್ನ ಒಗೀತಿದ್ನಲ್ಲ" ಎಂದು ಡಬ್ಬಿಯನ್ನು ಮತ್ತೆ ಫ್ರಿಜ್ಜಿನೊಳಗಿಟ್ಟು ಬಾಗಿಲು ಬಡಿದಳು. ಚಹಾ ಯಾರಿಗೂ ಸಿಗಲಿಲ್ಲ.

ಗುಳ್ಳೆ ಒಣಗಿದವು, ಗುಂಡಿ ಇವತ್ತಿಗೂ ನಾನೇ ಹಾಕುತ್ತೇನೆ. ಹಾಲು ಸುರಿದವನನ್ನು ಮಾತ್ರ ಬೈಯಬೇಡಿ. ಅವತ್ತು ನಾಗರ ಪಂಚಮಿ.