ಅತ್ತೆ ನಗದೆ ಫೋಟೋ ಇಲ್ಲ

ನನ್ನ ಅತ್ತೆಗೆ ಮೊಬೈಲ್ ಫೋಟೋ ಆಗುವುದಿಲ್ಲ. ಸುಕ್ಕು ಅಳಿಸಿ, ಕೆನ್ನೆಗೆ ಪೌಡರ್ ಬಳಿದು ಅದು ತೋರಿಸುವ ಹೆಂಗಸು ತಾನಲ್ಲ ಎಂದು ಅವರ ವಾದ. ನಾನೂ ಅವರ ಪಕ್ಷವೇ. ಅಮ್ಮನದೊಂದು ಸರಿಯಾದ ಫೋಟೋ ಗೋಡೆಗೆ ಬೇಕು, ಅವರು ಗಟ್ಟಿ ಇರುವಾಗಲೇ ಬೇಕು ಎಂದು ಹೆಂಡತಿ ವನಜ ಕಣ್ಣು ತುಂಬಿಕೊಂಡಳು. ಕಡಿಮೆ ಬೆಲೆಯ ಸಣ್ಣ ಡಿಜಿಟಲ್ ಕ್ಯಾಮೆರಾ ಕೊಳ್ಳುವ ಮಹತ್ಕಾರ್ಯವನ್ನು ನಾನು ವಹಿಸಿಕೊಂಡೆ. ಅದರಲ್ಲಿ ಕಷ್ಟವೇನಿದೆ?

ಹಂಪನಕಟ್ಟೆಯ ಮೊದಲ ಅಂಗಡಿಯವನು ಈಗ ಅದನ್ನು ಯಾರೂ ಕೊಳ್ಳುವುದಿಲ್ಲ ಎಂದು ಫೋನ್ ತೋರಿಸಿದ. ಪಕ್ಕದವನು ಈಗ ಕಾಲೇಜು ಮಕ್ಕಳೆಲ್ಲ ಅದನ್ನೇ ಕೊಳ್ಳುವುದು, ಹಾಗಾಗಿ ರೇಟು ಜಾಸ್ತಿ ಎಂದ. ಎರಡು ಅಂಗಡಿಗೂ ಒಂದೇ ಗೋಡೆ! ಸಿಟ್ಟಿನಲ್ಲಿ ಬಸ್ಸು ಹತ್ತಿ, ಪಂಪ್‌ವೆಲ್ ಹತ್ತಿರದ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಒಂದನ್ನು ಹಿಡಿದೆ. ಪರೀಕ್ಷೆಗೆಂದು ಅಂಗಡಿಯವನದ್ದೇ ಫೋಟೋ ತೆಗೆದೆ. ಚೆನ್ನಾಗಿ ಬಂತು. ಅವನು ನಗುತ್ತಲೇ ಇದ್ದ. ಯಾಕೆಂದು ನಾನು ಯೋಚಿಸಬೇಕಿತ್ತು.

ಮುಹೂರ್ತ ಹೊಸ ಅಕ್ಕಿ ಊಟದ ದಿನ. ಉರ್ವದಲ್ಲಿರುವ ಭಾವನ ಮನೆಯಲ್ಲಿ ಎಲ್ಲರೂ ಬಾಳೆಎಲೆಯ ಮುಂದೆ ಕುಳಿತಿದ್ದರು. "ಹೊಸತು ಉಣ್ತೇನೆ" ಎಂದು ಕಿರಿಯರು ಒಬ್ಬೊಬ್ಬರಾಗಿ ಕೇಳಬೇಕು, ಹಿರಿಯರಾದ ಅತ್ತೆ ಕೈ ಎತ್ತಿ "ಉಣ್ಣು" ಎನ್ನಬೇಕು. ಆಮೇಲೆಯೇ ತುತ್ತು. ಆ ಎತ್ತಿದ ಕೈ ನನಗೆ ಬೇಕಿತ್ತು. ಮೊದಲು ಭಾವ ಕೇಳಿದರು, ಅತ್ತೆ ಕೈ ಎತ್ತಿದರು, ನಾನು ಗುಂಡಿ ಒತ್ತಿದೆ. ಕ್ಯಾಮೆರಾ ಕೆಂಪು ದೀಪ ಮಿಟುಕಿಸಿ ಸುಮ್ಮನಾಯಿತು. ಭಾವನಿಗೆ ಇನ್ನೊಮ್ಮೆ ಕೇಳಲು ಹೇಳಿದೆ. ಪಾಪ, ಕೇಳಿದರು. ಮತ್ತೆ ದೀಪ! ಮತ್ತೊಮ್ಮೆ ಕೇಳಿಸಿದೆ.

"ಒಮ್ಮೆ ಉಣ್ಣು ಅಂದದ್ದು ಸಾಕಾಗುವುದಿಲ್ವಾ ಇವನಿಗೆ?" ಎಂದರು ಅತ್ತೆ.

ಅನ್ನ ಆರುತ್ತಿತ್ತು. ಅಂಗಡಿಗೆ ಫೋನ್ ಮಾಡಿ ಬೈದೆ.

"ಅದು ನಗು ಮುಖ ಕಂಡ್ರೆ ಮಾತ್ರ ತೆಗಿಯುವುದು ಸರ್. ಬಂದ್ ಮಾಡುವುದು ಹೇಗಂತ ನಂಗೂ ಗೊತ್ತಿಲ್ಲ. ಅವರನ್ನು ಸ್ವಲ್ಪ ನಗಿಸಿ."

ದುಡ್ಡು ಕೊಟ್ಟವನು ನಾನು, ಅತ್ತೆಯನ್ನು ನಗಿಸುವವನೂ ನಾನೇ! ಮದುವೆಯಾದಂದಿನಿಂದ ನನ್ನಿಂದಾಗದ ಕೆಲಸ ಅದು. ಒಂದು ಜೋಕು ಹೇಳಿದೆ. ಭಾವನೂ ನಗಲಿಲ್ಲ. ದಯವಿಟ್ಟು ಸ್ವಲ್ಪ ನಗಿ ಎಂದು ಅತ್ತೆಯನ್ನೇ ಬೇಡಿದೆ.

"ಎಲೆ ಮುಂದೆ ಕೂತು ಹಲ್ಲು ಕಿಸಿಯುವುದೆಂತಕ್ಕೆ? ನಾನೇನು ಟೂತ್‌ಪೇಸ್ಟ್ ಮಾರ್ತೇನಾ?"

ವನಜ ಸಣ್ಣ ದನಿಯಲ್ಲಿ, "ಬಿಡಿ ಮಾರಾಯ್ರೆ, ಫೋಟೋ ಬೇಡ" ಎಂದಳು. ಅವಳ ಮುಖ ನೋಡಿ ಬಿಡಲು ಮನಸ್ಸಾಗಲಿಲ್ಲ. ಕೊನೆಯ ಪ್ರಯತ್ನವೆಂದು ಭಾವನಿಂದ ಇನ್ನೊಮ್ಮೆ ಕೇಳಿಸಿ, ಅತ್ತೆ ಕೈ ಎತ್ತುತ್ತಿದ್ದಂತೆ ಕ್ಯಾಮೆರಾವನ್ನು ಅವರತ್ತ ಹಿಡಿದು, ಇಡೀ ಡಿಜಿಟಲ್ ಯುಗವನ್ನೇ ಶಪಿಸುತ್ತ ಒಂದು ಹೆಜ್ಜೆ ಹಿಂದೆ ಸರಿದೆ. ಅಭ್ಯಾಸವಿಲ್ಲದೆ ಆ ದಿನಕ್ಕೆಂದೇ ಉಟ್ಟಿದ್ದ ಹೊಸ ಪಂಚೆಯ ಅಂಚು ಭಾವನ ಮೊಣಕಾಲಿನಡಿ ಸಿಕ್ಕಿಕೊಂಡಿತ್ತು. ನಾನು ಸರಿದೆ. ಪಂಚೆ ಸರಿಯಲಿಲ್ಲ.

ಹೂವಿನ ಚಿತ್ತಾರದ ಚಡ್ಡಿಯಲ್ಲಿ ನಿಂತಿದ್ದೆ. ಅತ್ತೆ ಮೊದಲು ಸೆರಗಿನಿಂದ ಬಾಯಿ ಮುಚ್ಚಿದರು, ಆಮೇಲೆ ಅದನ್ನೂ ಬಿಟ್ಟು, ಎತ್ತಿದ ಕೈ ಹಾಗೆಯೇ ಇಟ್ಟು ನಕ್ಕರು. ಕ್ಲಿಕ್!

ಫೋಟೋ ನಮ್ಮ ಮನೆಯ ಹಾಲ್‌ನ ಗೋಡೆಯಲ್ಲಿದೆ. ಒಂದು ಸುಕ್ಕೂ ಅಳಿಸಿಲ್ಲ. ತಾನೆಂದರೆ ಇದೇ ಎಂದು ಅತ್ತೆಯೂ ಒಪ್ಪಿದ್ದಾರೆ. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು, ಎಷ್ಟು ಚಂದದ ನಗು, ಯಾರು ನಗಿಸಿದ್ದು ಎಂದು ಕೇಳುತ್ತಾರೆ. ವನಜ ನನ್ನನ್ನು ಕರೆದು ತೋರಿಸಿ, ಪಂಚೆಯ ಕಥೆ ಹೇಳುತ್ತಾಳೆ. ಆಮೇಲೆ ಅವರೂ ನಗುತ್ತಾರೆ.