ಕಾಲ್ ಬಂತು, ಓಡಿ ಬರ್ರಿ!

ನನ್ನ ಎರಡೂ ಕಾಲು ಪೋಲಿಯೋಕ್ಕ ಹೋಗ್ಯಾವ. ಹೋಗ್ಲಿ ಬಿಡ್ರಿ, ನಗೋ ಪ್ರಸಂಗ ಮಾತ್ರ ತಾವೇ ನನ್ನ ಕುರ್ಚಿತನಕ ನಡ್ಕೋತ ಬರ್ತಾವ. ನಾ ಎಲ್ಲೂ ಹುಡುಕ್ಕೊಂಡು ಹೋಗಬೇಕಾಗಿಲ್ಲ!

ತೊಂಬತ್ತರ ದಶಕದ ಮಾತಿದು. ಕಲಬುರಗಿ ಕಡೆಯವ ನಾ. ಮುಂಬೈ ಹತ್ರ ಕಲ್ಯಾಣ ಈಸ್ಟ್‌ನಾಗ ನಂದೊಂದು ಎಸ್‌ಟಿಡಿ ಬೂತ್ ಇತ್ತು, ಅಂಗವಿಕಲರ ಕೋಟಾದಾಗ ಸಿಕ್ಕಿದ್ದು. ಪಕ್ಕದ ಹಾಲ್‌ನಾಗ ಐತವಾರ ನಮ್ಮ ಕನ್ನಡ ಚರ್ಚು. ರಾಯಚೂರಿನ ಗೌಂಡಿಗಳು, ಭಿವಂಡಿ ಪವರ್‌ಲೂಮಿನವರು, ಉಡುಪಿ ಕಡೆ ಆಫೀಸಿನವರು, ಎಲ್ಲಾ ಬರೋರು. ಬಂದೋರು ಮೊದಲು ನನ್ನ ಕಾಲು ನೋಡಿ, ಆಮ್ಯಾಲ ಮಾರಿ ನೋಡಿ, "ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡ್ತೀವ್ರಿ" ಅನ್ನೋರು. ಒಂದಿನ ತಡಿಯಲಾರದ ಒದರಿಬಿಟ್ಟೆ: "ಪ್ರಾರ್ಥನಾ ಭಾಳ ಆತ್ರೆಪಾ, ಏನರ ಕೆಲಸ ಕೊಡ್ರಿ!"

ಪಾಸ್ಟರ್ ಹೊಟ್ಟಿ ಹಿಡ್ಕೊಂಡು ನಕ್ರು. "ಇಷ್ಟು ದೊಡ್ಡ ದನಿ ಇಟ್ಕೊಂಡು ಸುಮ್ನ ಕೂತೀಯಲ್ಲೋ! ಮುಂದಿನ ಐತವಾರದಿಂದ ಹಾಡು ನೀನೇ ಹಾಡ್ಸು."

ಹಾಡಿನ ನಂಬರ್ ಕೂಗೋದು, ರಾಗ ಎತ್ತೋದು ನನ್ನ ಕೆಲಸ ಆತು. ಎಷ್ಟು ಖುಷಿ ಆತಂದ್ರ, ಆ ವಾರ ಬೂತಿಗೆ ಬಂದ ಗಿರಾಕಿಗಳಿಗೆಲ್ಲಾ ಫೋನ್ ನಂಬರ್ ರಾಗದಾಗೇ ಓದಿ ಹೇಳೀನಿ!

ಕರೆಂಟು

ನನ್ನ ಜೋಡಿ ಡೋಲಕ್ ಬಾರ್ಸೋ ದೋಸ್ತ ಹುಟ್ಟುಕುರುಡ. ವಾರೆಲ್ಲಾ ಲೋಕಲ್ ಟ್ರೇನಿನಾಗ ಹಾಡಿ ಬದುಕಾಂವ. ಅವನ ಕೈಗೆ ಸಿಕ್ಕ ಹಾಡು ಫಾಸ್ಟ್ ಲೋಕಲ್ ಆಗ್ತಿತ್ತು, ನಡುವ ಎಲ್ಲೂ ನಿಲ್ತಿರಲಿಲ್ಲ.

ಒಂದು ಸಂಜಿ ಹಾಡು ರಂಗೇರಿದಾಗ ಕರೆಂಟ್ ಹೋತು. ಪುಸ್ತಕ ಕಾಣವಲ್ದು, ಎಲ್ಲಾರೂ ಗಪ್‌ಚುಪ್. ಇವನೊಬ್ಬಂದೇ ಡೋಲಕ್ ಬಡಿಯೋದು, ಹಾಡೋದು ನಡದದ! ಸ್ವಲ್ಪ ಹೊತ್ತಿಗೆ ತಾನೂ ನಿಲ್ಸಿ, "ಅರೇ, ಏನಾತೋ? ಎಲ್ಲಾರೂ ಮನಿಗೆ ಹೋದ್ರೇನು?" ಅಂದ.

"ಲೈಟ್ ಹೋತೋ ಮಾರಾಯ!"

"ಇಷ್ಟೇನಾ? ನಂದು ಹುಟ್ಟಿದಾಗಿಂದ ಇಲ್ಲ. ನಾ ಎಂದರ ಹಾಡು ನಿಲ್ಸೀನೇನು?"

ಕತ್ತಲಾಗ ನಕ್ಕೋತ ಆ ಹಾಡು ಮುಗಿಸಿದ್ವಿ ನೋಡ್ರಿ.

ಕಾಲ್

ಉಡುಪಿ ಕಡೆ ಅಕ್ಕ ಒಬ್ಬಾಕಿ ಇದ್ಲು. ಭಾಳ ಪ್ರೀತಿ ಜೀವ. ಐತವಾರ ತಪ್ಪಿಲ್ಲ, ನನ್ನ ಕಾಲಿನ ಸಲುವಾಗಿ ಕಣ್ಣೀರು ಹಾಕಿ ಪ್ರಾರ್ಥನಾ ಮಾಡಾಕಿ. ಆಕಿ ಗಂಡ ಮಸ್ಕತ್‌ನಾಗ. ಮನ್ಯಾಗ ಫೋನ್ ಇಲ್ಲ, ಅವ ಮಾತಾಡೋದು ನನ್ನ ಬೂತಿಗೇ ಹಚ್ಚಿ.

ಒಂದು ಐತವಾರ ಆಕಿ ಹಾಲ್‌ನಾಗ ಮೊಣಕಾಲೂರಿ ಕೂತಾಗ ಬೂತಿನಾಗ ಫೋನ್ ಗಣಗಣ ಅಂತು. ಹಾಡು ಮುಗಿಸಿ ಬೂತಿಗೆ ಬಂದು ಕೂತಿದ್ದ ನಾ ಕಿಟಕಿಯಿಂದ ಕೂಗಿದೆ: "ಅಕ್ಕಾ, ಕಾಲ್ ಬಂತು! ಕಾಲ್ ಬಂತು! ಓಡಿ ಬಾ!"

"ದೇವರಿಗೆ ಸ್ತೋತ್ರ! ಅವನಿಗೆ ಕಾಲು ಬಂತಂತೆ!" ಅಂತ ಆಕಿ ಚೀರಿದ್ದ ತಡ, ಇಡೀ ಸಭಾ ಬೂತಿಗೆ ಮುಗಿಬಿತ್ತು. ನೋಡಿದ್ರ ನಾ ಕುರ್ಚ್ಯಾಗ ಕೂತೀನಿ, ಕೈಯಾಗ ರಿಸೀವರ್.

"ನನಗಲ್ಲಕ್ಕಾ, ನಿನಗ ಬಂದದ! ಮಸ್ಕತ್‌ದಿಂದ!"

ಆಕಿ ರಿಸೀವರ್ ಕಸ್ಕೊಂಡ್ಲು. ಆ ಕಡಿಯಿಂದ ಗಂಡ "ಎಂತ ಗಲಾಟೆ ಅಲ್ಲಿ?" ಅಂತ ಕೇಳಿರಬೇಕು. ಆಕಿ ಮೂಗು ಒರೆಸ್ಕೋತ ಅಂದ್ಲು: "ಎಂತದಿಲ್ಲ ಮಾರಾಯ್ರೆ, ಇಲ್ಲಿ ಒಬ್ಬರಿಗೆ ಕಾಲು ಬಂದು ಹಾಗೇ ಹೋಯ್ತು."

ಏಳು ಏಳು

ಬೆಂಗಳೂರಿಂದ ದೊಡ್ಡ ಬೋಧಕರು ಬರ್ತಾರಂತ ಸುದ್ದಿ ಬಂತು. ನಮ್ಮ ಚರ್ಚಿನ ಹಿರಿಯರೊಬ್ರು ತಕರಾರು ತಗದ್ರು. "ದೊಡ್ಡೋರ ಮುಂದ ಕೂತು ಹಾಡ್ಸಿದ್ರ ಚಂದ ಕಾಣಂಗಿಲ್ಲ. ಎದ್ದು ನಿಲ್ಲೋರು ಬೇಕು. ನನ್ನ ಅಳಿಯ ಹಾಡ್ಸಲಿ." ತಾವು ಮಾತ್ರ ಮೊಣಕಾಲು ನೋವಂತ ಒಂದು ಹಾಡಿಗೂ ಕುರ್ಚಿ ಬಿಟ್ಟವರಲ್ಲ!

ಅಯ್ಯೋ, ಎಷ್ಟು ಬೇಡಿ ಪಡೆದ ಕೆಲಸ ಅದು! ಪಾಸ್ಟರ್ ನಡುವ ಬಂದ್ರು: "ಈ ಸಲ ಇವನೇ ಹಾಡ್ಸಲಿ. ಏನರ ಎಡವಟ್ಟಾದ್ರ ಮುಂದಿನ ವಾರದಿಂದ ಅಳಿಯ."

ಆ ಐತವಾರ ಹಾಲ್ ತುಂಬಿ ತುಳುಕ್ತಿತ್ತು. ಬೋಧಕರು ನನ್ನ ಕಾಲು ಕಂಡದ್ದೇ ಸೀದಾ ಬಂದು ತಲಿಮ್ಯಾಲ ಕೈಯಿಟ್ರು. ಕಣ್ಣು ಮುಚ್ಚಿ, ಮೈಕಿನಾಗ ಗುಡುಗಿದ್ರು:

"ಏಳು! ಏಳು!"

ದಿನಾ ಫೋನ್ ನಂಬರ್ ಕೇಳೋ ಕಿವಿ ನಂದು. ಗಿರಾಕಿ "ಏಳು, ಏಳು" ಅಂದ್ರ ನನ್ನ ಬೆರಳು ತಾನೇ ಎರಡು ಸಲ ಏಳು ಒತ್ತತದ. ಆಹಾ, ದೊಡ್ಡೋರು ತಾವೇ ಹಾಡು ಆರಿಸ್ಯಾರ!

"ಹಾಡು ನಂಬರ್ ಎಪ್ಪತ್ತೇಳು!" ಅಂತ ಕೂಗಿ ರಾಗ ಎತ್ತೇಬಿಟ್ಟೆ. ದೋಸ್ತನ ಡೋಲಕ್ ಧಡಂಧಡಂ! ಎಪ್ಪತ್ತೇಳಂದ್ರ ನಮ್ಮ ಮಂದಿಗೆ ಪ್ರಾಣ, ಎದ್ದು ಚಪ್ಪಾಳಿ ಹೊಡೆದು ಹಾಡೋ ಹಾಡು. ಸಭಾಕ್ಕ ಸಭಾನೇ ಎದ್ದು ನಿಂತಿತು. ಬೋಧಕರ ಕೈ ನನ್ನ ತಲಿಮ್ಯಾಲ ತಾಳಕ್ಕ ಕುಣೀಲಿಕ್ಹತ್ತಿತು. ನಡುವ ದೋಸ್ತ ಚೀರಿದ: "ಲೇ, ಹಿರಿಯರ ಕುರ್ಚಿ ಕಿರ್ರ್ ಅಂತೋ! ಎದ್ದಾರೇನು?"

ಹೌದ್ರಿ! ಹಿರಿಯರು ಎದ್ದು, ಚಪ್ಪಾಳಿ ಹೊಡ್ಕೋತ ಜಿಗೀಲಿಕ್ಹತ್ಯಾರ!

ಹಾಡು ಮುಗೀತು. ಬೋಧಕರು ಗೊಂದಲದಾಗ ನನ್ನ ಕಡೆ ಬಗ್ಗಿ, ಹಿರಿಯರ ಕಡೆ ಬೆರಳು ಮಾಡಿದ್ರು. "ಅಲ್ಲಪ್ಪಾ, ನಾನು ಏಳು ಅಂದದ್ದು ನಿನಗೆ. ಎದ್ದದ್ದು ಅವರು!"

ಆವಾಗ ನನಗ ಗೊತ್ತಾತು ಎಡವಟ್ಟು. ಕೆಲಸ ಹೋತಪ್ಪೋ ಅಂದ್ಕೊಂಡೆ. ಆದ್ರ ಬಾಯಿ ಬೂತಿಂದು, ಸುಮ್ನಿರಬೇಕಲ್ಲ!

"ನಿಮ್ಮ ಕಾಲ್ ಹತ್ತೇದ್ರಿ ಸರ್. ರಾಂಗ್ ನಂಬರಿಗೆ ಹತ್ತೇದ, ಅಷ್ಟ."

ಮೊದಲು ಬೋಧಕರು ನಕ್ರು, ಆಮ್ಯಾಲ ಹಾಲ್‌ಗೆ ಹಾಲೇ. ಹಿರಿಯರು ಮೊಣಕಾಲು ತಿಕ್ಕೋತ, ಏದುಸಿರು ಬಿಟ್ಕೋತ ಕುರ್ಚಿಗೆ ಕುಸಿದ್ರು.

"ಪಾಸ್ಟರ್, ಇವನ ಲೈನ್ ಕಟ್ ಮಾಡಬ್ಯಾಡ್ರಿ," ಅಂದ್ರು. "ಇವನೇ ಹಾಡ್ಸಲಿ. ನನ್ನ ಅಳಿಯ ಇಷ್ಟು ವರ್ಷದಾಗ ನನ್ನ ಒಂದು ಸಲಾನೂ ಎಬ್ಬಿಸಿಲ್ಲ!"