ಬಾಣಂತಿಗೆ ಕೆಂಪು ನೂಡಲ್ಸ್ ಕೊಡದ ಡ್ರ್ಯಾಗನ್ ಚೈನೀಸ್ ಮಾಲೀಕರಿಗೆ

ಶಿಕಾರಿಪುರ, 1997

ಮಾನ್ಯ ಗುತ್ಯಪ್ಪನವರೇ,

ಬಸ್ ನಿಲ್ದಾಣದ ಎದುರಿನ ಡ್ರ್ಯಾಗನ್ ಚೈನೀಸ್ ಸೆಂಟರಿನ ಮಾಲೀಕರೂ, ಮುಖ್ಯ ಅಡುಗೆಯವರೂ, ನನಗೆ ಈಚೆಗೆ ತಿಳಿದುಬಂದಂತೆ ಸಮಸ್ತ ತಾಲ್ಲೂಕಿನ ಬಾಣಂತಿಯರ ಪಥ್ಯಪಾಲಕರೂ ಆದ ತಮ್ಮ ಸನ್ನಿಧಾನಕ್ಕೆ, ಐದು ತಿಂಗಳ ಹೆಣ್ಣುಮಗುವಿನ ತಾಯಿ ಗಂಗಾಶ್ರೀ, ಬಿ.ಎಸ್ಸಿ., ಮಾಡುವ ದೀರ್ಘದಂಡ ನಮಸ್ಕಾರಗಳು. ದೀರ್ಘದಂಡ ಎಂದದ್ದು ಬರೀ ಮರ್ಯಾದೆಗಲ್ಲ. ಐದು ತಿಂಗಳಿಂದ ಒಂದೇ ಸಮ ಎರಡು ತಾಸು ನಿದ್ದೆ ಕಾಣದವಳು ನೆಲ ಕಂಡರೆ ಸಾಕು, ತಾನಾಗಿಯೇ ಅಡ್ಡ ಬೀಳುತ್ತಾಳೆ.

ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾಗ ತಿಂಗಳಿಗೊಮ್ಮೆ ಕೆಂಪಗೆ, ಖಾರವಾಗಿ, ಮೂಗು ಸೋರುವಂತೆ ನೂಡಲ್ಸ್ ತಿಂದು ಬೆಳೆದವಳು ನಾನು. ಹೆರಿಗೆಯಾದ ಮೇಲೆ ಕಂಡದ್ದು ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪದನ್ನ, ಮತ್ತೆ ಮೆಣಸಿನ ಸಾರು. ನಮ್ಮತ್ತೆ ಲೋಕಮ್ಮನವರು ಕೊನೆಗೂ ಮನಸ್ಸು ಕರಗಿ, "ವಾರಕ್ಕೊಂದ್ ತಾಸು ಹೊರಗೆ ಹೋಗಿ ಬಾರವ್ವ, ಕಿವಿಗೆ ಹತ್ತಿ ಅಳ್ಳಿ ಇಟ್ಕೊಂಡು" ಎಂದು ಅಪ್ಪಣೆ ಕೊಟ್ಟಾಗ, ಆ ತಾಸಿನಲ್ಲಿ ಮಾಡಬೇಕಾದ ಕೆಲಸ ಈ ಭೂಮಿಯ ಮೇಲೆ ಒಂದೇ ಎಂದು ನನಗೆ ಖಾತ್ರಿಯಾಗಿತ್ತು.

ಮೊದಲ ವಾರ ಹೋದ ಹೋಟೆಲಿನಲ್ಲಿ ನೂಡಲ್ಸ್ ಎಂದು ಬಂದದ್ದು ಸೋಯಾ ಸಾಸಿನಲ್ಲಿ ಸ್ನಾನ ಮಾಡಿದ ಶಾವಿಗೆ ಉಪ್ಪಿಟ್ಟು; ಒಗ್ಗರಣೆಯ ಕಡಲೆಬೇಳೆ ಕೂಡ ಹಲ್ಲಿಗೆ ಸಿಕ್ಕಿತು. ಎರಡನೆಯ ವಾರದ ಹೋಟೆಲಿನ ಬೋರ್ಡಿನಲ್ಲಿ ಚೈನೀಸ್ ಇತ್ತು, ಒಳಗೆ ಇರಲಿಲ್ಲ. ಕೇಳಿದರೆ, "ಚೈನೀಸ್ ಭಟ್ಟರು ಊರಿಗೆ ಹೋಗ್ಯಾರ್ರೀ" ಎಂದರು. ಊರೆಂದರೆ ಚೀನಾ ಅಲ್ಲ, ಇಲ್ಲೇ ಪಕ್ಕದ ತೊಗರ್ಸಿ. ಮಧ್ಯೆ ಸೊರಬದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋದಾಗ ಅಲ್ಲಿಯೂ ಒಂದು ಕಡೆ ವಿಚಾರಿಸಿದೆ. ಗೋಬಿ ಮಂಚೂರಿ ಬಂತು, ಜೊತೆಗೆ ಒಂದು ಸೌಟು ಕಾಯಿಚಟ್ನಿ.

ಹೀಗೆ ಅಲೆದವಳು ಕಳೆದ ಸೋಮವಾರ, ಮನೆಯಿಂದ ಬಸ್ ನಿಲ್ದಾಣದವರೆಗೆ ಮಗು ಉಸಿರಾಡುತ್ತಿದೆಯೇ ಎಂದು ಆರು ಸಲ ಬೆರಳಿಟ್ಟು ನೋಡಿಕೊಂಡು, ತಮ್ಮ ಬಾಗಿಲಿಗೆ ಬಂದೆ. ಆಹಾ! ಬಾಣಲೆಯಿಂದ ಮೇಲೆದ್ದ ಆ ಬೆಂಕಿ, ಗಾಳಿಯಲ್ಲಿ ಪಲ್ಟಿ ಹೊಡೆದು ಬಂದು ಬೀಳುವ ಆ ನೂಡಲ್ಸ್, ಪಕ್ಕದ ಮೇಜಿನವರ ತಟ್ಟೆಯಲ್ಲಿ ಹೊಳೆಯುತ್ತಿದ್ದ ಆ ಕೆಂಪು! ಇದೇ, ಇದೇ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೂ ಇರಬಹುದು.

ಆಗ ತಾವು ನನ್ನ ಮಡಿಲು ನೋಡಿದಿರಿ. "ಎಷ್ಟು ತಿಂಗಳಾತ್ರೀ ಅಕ್ಕಾರೆ?" ಎಂದಿರಿ. ಐದು ಎಂದೆ. ಸುಳ್ಳು ಹೇಳಬಹುದಿತ್ತು, ವಿದ್ಯಾವಂತೆ, ಹೇಳಲಿಲ್ಲ. "ಹಂಗಾರೆ ಇದನ್ನ ಕೊಡಂಗಿಲ್ರೀ, ಮಗೀಗೆ ವಾಯು ಆಗ್ತೈತಿ. ನಿಮಗ ಬೇರೆ ಮಾಡ್ತೀನಿ" ಎಂದು ಒಳಗೆ ಹೋಗಿ, ಎಲೆಕೋಸಿಲ್ಲದ, ಮೆಣಸಿನಕಾಯಿಯಿಲ್ಲದ, ಸಾಸಿನ ವಾಸನೆಯೂ ಸೋಕದ ನೂಡಲ್ಸಿಗೆ ಬೆಳ್ಳುಳ್ಳಿ, ಕಾಳುಮೆಣಸು, ಓಂಕಾಳು ಹಾಕಿ, ಮೇಲೊಂದು ಚಮಚ ತುಪ್ಪ ಬಿಟ್ಟು, ಕುಡಿಯಲು ಬಿಸಿನೀರು ತಂದಿಟ್ಟಿರಿ. ನಾನು ವಾದಿಸಲು ಬಾಯಿ ತೆರೆದರೆ ಪಕ್ಕದ ಮೇಜಿನ ಹಿರಿಯರೊಬ್ಬರು, ತುಟಿ ಕೆಂಪಗೆ ಮಾಡಿಕೊಂಡು, "ಅವರು ಹೇಳದು ಖರೇ ಐತವ್ವ" ಎಂದು ತೀರ್ಪು ಕೊಟ್ಟರು. ಜೊತೆಗೆ ಬಂದಿದ್ದ ನನ್ನ ಯಜಮಾನರಾದ ರೇಣುಕಾಪ್ರಸಾದರು ಹೌದೆಂದು ತಲೆಯಾಡಿಸಿದರು. ಬಾಯಿ ತುಂಬ ಮಂಚೂರಿ ಇದ್ದದ್ದರಿಂದ ಅವರಿಗೆ ಮಾತಾಡಲು ಆಗಲಿಲ್ಲ. ಅದು ಅವರ ಎರಡನೆಯ ಪ್ಲೇಟು.

ಮಾನ್ಯರೇ, ತಮ್ಮ ಕಾಳಜಿಯನ್ನು ಹೊಗಳಲು ನನ್ನಲ್ಲಿ ಶಬ್ದಗಳಿಲ್ಲ. ನನ್ನ ತಾಯಿ, ಅತ್ತೆ, ಡಾಕ್ಟರು, ಎದುರು ಮನೆಯ ಹನುಮಮ್ಮ, ಇಷ್ಟೇ ಜನ ನನ್ನ ಊಟದ ಮೇಲೆ ಕಣ್ಣಿಟ್ಟಿದ್ದಾರಲ್ಲ, ಇವರ ಕಣ್ಣು ತಪ್ಪಿದರೆ ಗತಿಯೇನು ಎಂಬ ಚಿಂತೆ ನನಗಿತ್ತು. ಅದು ದೂರವಾಯಿತು. ಆದರೆ ಒಂದು ಸಂಶಯ ಉಳಿದಿದೆ. ನೂರು ಕೋಟಿಗೂ ಮೀರಿ ಜನರಿರುವ ಚೀನಾ ದೇಶದಲ್ಲಿ ನಾಲ್ಕಾದರೂ ಬಾಣಂತಿಯರು ಇದ್ದಿರಲೇಬೇಕು. ಅವರು ಏನು ತಿಂದರು? ತಾವು ದಯಮಾಡಿ ಆ ಸರ್ಕಾರಕ್ಕೆ ಒಂದು ಜವಾಬು ಕಾರ್ಡು ಬರೆದು, ಉತ್ತರವನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಬೇಕು. ಅಥವಾ ನನ್ನ ಬಾಣಂತನ ಯಾವ ದಿನ, ಎಷ್ಟು ಗಂಟೆಗೆ ಮುಗಿಯಿತೆಂದು ತಹಶೀಲ್ದಾರರ ಕಚೇರಿಯಿಂದ ಮೊಹರು ಹಾಕಿದ ಪತ್ರ ತಂದರೆ ನಡೆಯುತ್ತದೆಯೇ, ತಿಳಿಸಬೇಕು. ಎರಡೂ ಆಗದಿದ್ದರೆ ಬೋರ್ಡಿನ ಮೇಲಿನ ಆ ಡ್ರ್ಯಾಗನ್ನಿನ ಕಿವಿಗೂ ಅಳ್ಳಿ ಇಟ್ಟು, ತಲೆಗೊಂದು ಸ್ಕಾರ್ಫ್ ಕಟ್ಟಿಬಿಡಿ; ಬರುವವರಿಗೆ ದೂರದಿಂದಲೇ ಗೊತ್ತಾಗಲಿ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಮಗುವಿಗೆ ಹೊಗೆ ತಾಗೀತೆ, ಫ್ಯಾನಿನ ಗಾಳಿ ತಾಗೀತೆ ಎಂದು ದಿನವಿಡೀ ಹೆದರುವ ಈ ಜೀವ, ಒಂದು ಕಾಲು ಗಂಟೆ ಯಾರ ತಾಯಿಯೂ ಆಗದೆ ಕೂತು ಮೂಗು ಸೋರಿಸಿಕೊಳ್ಳಬೇಕು, ಅಷ್ಟೇ.

ಓಂಕಾಳಿನ ಘಮದಲ್ಲೇ ಇನ್ನೂ ಮುಳುಗಿರುವ,
ತಮ್ಮ ವಿಶ್ವಾಸಿ,
ಗಂಗಾಶ್ರೀ

ತಾ.ಕ.: ತಮ್ಮ ಪಥ್ಯದ ನೂಡಲ್ಸಿನ ಸಂಗತಿ ಕೇಳಿ ನಮ್ಮತ್ತೆಯವರು ಆನಂದಪಟ್ಟು ಓಣಿಗೆಲ್ಲ ಸಾರಿದ್ದಾರೆ. ಬರುವ ಸೋಮವಾರ ಓಣಿಯ ಏಳು ಬಾಣಂತಿಯರು, ಅವರ ಏಳು ತಾಯಂದಿರು, ಏಳು ಕೂಸುಗಳು ತಮ್ಮಲ್ಲಿಗೆ ಬರುತ್ತಿದ್ದಾರೆ. ಮುಂದಾಳು ಅತ್ತೆಯವರೇ, ನನ್ನ ಮಗಳೂ ಅವರ ಸೊಂಟದ ಮೇಲೆಯೇ. ಒಂದು ಹಂಡೆ ಬಿಸಿನೀರು ಕಾಯಿಸಿಟ್ಟಿರಿ. ಆ ಗದ್ದಲದಲ್ಲಿ, ಗೋಡೆಯ ಕಡೆ ಮುಖ ಮಾಡಿ ಒಬ್ಬಳೇ ಕೂತ ಹೆಂಗಸಿನ ಮೇಜಿಗೆ ಒಂದು ಪ್ಲೇಟ್ ಕೆಂಪು ನೂಡಲ್ಸ್ ಹೋದದ್ದು ತಮ್ಮ ಕಣ್ಣಿಗೆ ಬೀಳಬಾರದೆಂದು ವಿನಂತಿ.